ಬೋಲ್ಟಿನ ತಲೆಯ ಮೂರು ಗೆರೆ

"ಬೆರಳಲ್ಲಿ ಮುಟ್ಟಿ ನೋಡಿ, ಯಜಮಾನ್ರೇ. ಕಣ್ಣು ಬೇಡ, ಬೆರಳು ಸಾಕು."

ಮಹದೇವಯ್ಯ ಎರಡು ಬೋಲ್ಟುಗಳನ್ನು ಹಳೆಯ ಚಿಂದಿಯಲ್ಲಿ ಒರೆಸಿ ಮೇಜಿನ ಮೇಲಿಟ್ಟರು. ಒಂದು ಹೊಸದು, ಕಂಪನಿಯ ಪೊಟ್ಟಣದಿಂದ ಆಗಷ್ಟೇ ತೆಗೆದದ್ದು. ಇನ್ನೊಂದು ಕತ್ತಿನಲ್ಲಿ ತುಂಡಾದದ್ದು. ಎರಡರ ತಲೆಯ ಮೇಲೂ ನಡುವಿನಿಂದ ಅಂಚಿಗೆ ಸಾಗಿದ ಮೂರು ಗೆರೆಗಳಿದ್ದವು.

ಟ್ರ್ಯಾಕ್ಟರ್ ಏಜೆನ್ಸಿಯ ಒಡೆಯರಾದ ಚನ್ನಬಸವಯ್ಯ ಒಂದರ ಮೇಲೆ ಬೆರಳಾಡಿಸಿದರು. ಆಮೇಲೆ ಇನ್ನೊಂದರ ಮೇಲೆ.

"ಹೊಸದರ ಗೆರೆ ಉಬ್ಬಿದೆ. ಇದು ತಗ್ಗಿದೆ."

"ಉಬ್ಬಿರೋದು ಕಾರ್ಖಾನೆ ಅಚ್ಚಲ್ಲೇ ಬಂದದ್ದು. ಗಟ್ಟಿ ಉಕ್ಕು ಅಂತ ತೋರಿಸೋ ಗುರುತು. ತಗ್ಗಿರೋದು ಯಾರೋ ಕೂತು ಕಬ್ಬಿಣ ಉಜ್ಜೋ ಅರದಲ್ಲಿ ಗೀರಿದ್ದು. ಬಜಾರಿನ ಮೆತ್ತನೆ ಬೋಲ್ಟಿಗೆ ಕಂಪನಿ ವೇಷ ಹಾಕಿದ್ದಾರೆ."

ಚನ್ನಬಸವಯ್ಯನವರ ಕೈ ಹಾಗೇ ನಿಂತಿತು.

ಮಂಗಳವಾರ ಬೆಳಿಗ್ಗೆ ಯಾದವಗಿರಿಯಲ್ಲಿ ನೆಲ ಸಮ ಮಾಡುತ್ತಿದ್ದ ಗುತ್ತಿಗೆದಾರ ಕೃಷ್ಣಪ್ಪನವರ ಟ್ರ್ಯಾಕ್ಟರಿನ ಲೋಡರು, ಅಂದರೆ ಮುಂದೆ ಮಣ್ಣೆತ್ತುವ ಬಕೆಟ್ಟು ಮತ್ತು ಅದರ ಎರಡು ತೋಳು, ಕಳಚಿ ಬಿದ್ದು ಚಾಲಕ ಕಾಳಯ್ಯನ ಕಾಲು ಜಜ್ಜಿಹೋಗಿತ್ತು. ತಲೆಗೂ ಏಟಾಗಿತ್ತು. ಮುಂದಿನ ತಿಂಗಳು ಮದುವೆ ಗೊತ್ತಾಗಿದ್ದ ಆ ಹುಡುಗ ದೊಡ್ಡಾಸ್ಪತ್ರೆಯಲ್ಲಿ ಜ್ಞಾನವಿಲ್ಲದೆ ಮಲಗಿ ಇವತ್ತಿಗೆ ನಾಲ್ಕನೆಯ ದಿನ.

"ಹಾಗಾದ್ರೆ ಚೆಲುವರಾಜುನೇ," ಎಂದರು ಚನ್ನಬಸವಯ್ಯ. "ಮದರಾಸಿಗೆ ಕಳಿಸಿ ಆರು ತಿಂಗಳು ಕಲಿಸಿದೆ. ಈ ಕೆಲಸ ಮಾಡಿದ ನೋಡಿ. ಕಂಪನಿಯಿಂದ ತಂತಿ ಬಂದಿದೆ. ಬೋಲ್ಟು ನಮ್ಮದಲ್ಲದಿದ್ದರೆ ಗ್ಯಾರಂಟಿಯೂ ಇಲ್ಲ, ಏಜೆನ್ಸಿಯೂ ಇಲ್ಲ ಅಂತ. ನಾಳೆ ಬೆಳಿಗ್ಗೆ ನಿಮ್ಮ ವರದಿ ಪೊಲೀಸರಿಗೆ ಕೊಡಬೇಕು."

"ಕೊಡೋಣ. ಗ್ಯಾರಂಟಿ ಕಾರ್ಡು ಇನ್ನೊಂದ್ಸಲ ಕೊಡಿ."

ಕಾರ್ಡಿನಲ್ಲಿ ಎಲ್ಲವೂ ಇತ್ತು. ಜನವರಿಯಲ್ಲಿ ಮೊದಲ ದೂರು: ಲೋಡರನ್ನು ಟ್ರ್ಯಾಕ್ಟರಿನ ಮೈಗೆ ಹಿಡಿದಿಡುವ ಎಡಗಡೆಯ ಬ್ರಾಕೆಟ್ಟು ಸಡಿಲ. ರಿಪೇರಿ, ಹಿರಿಯ ಮೆಕ್ಯಾನಿಕ್ ನಂಜುಂಡಸ್ವಾಮಿ. ಷರಾ: 'ಚಾಲಕನ ತಪ್ಪು.' ಫೆಬ್ರವರಿಯಲ್ಲಿ ಅದೇ ಬ್ರಾಕೆಟ್ಟು ಬಿರುಕು. ತನಿಖೆ, ಚೆಲುವರಾಜು. ಷರಾ: 'ಕಾರ್ಖಾನೆಯಲ್ಲೇ ತೂತು ಓರೆಯಾಗಿ ಕೊರೆದಿದೆ.' ಏಪ್ರಿಲ್ ಎಂಟು, ಶನಿವಾರ, ಕಂಪನಿ ಬಿಟ್ಟಿಯಾಗಿ ಕಳಿಸಿದ ಹೊಸ ಬ್ರಾಕೆಟ್ಟು ಜೋಡಣೆ, ಚೆಲುವರಾಜು. ಏಪ್ರಿಲ್ ಹದಿನೇಳು, ಸೋಮವಾರ, ಸ್ಥಳಕ್ಕೆ ಹೋಗಿ ಬೋಲ್ಟು ಬಿಗಿ ಮಾಡಿದ್ದು, ಚೆಲುವರಾಜು.

ಮರುದಿನವೇ ಲೋಡರು ಬಿದ್ದಿತ್ತು.

ಮೇಜಿನ ಹಿಂದಿನ ಗೋಡೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ಕಂಪನಿಯ ಒಂದು ಕಾಗದ ತೂಗುತ್ತಿತ್ತು. ತೂತಿನ ದೋಷ ಪತ್ತೆ ಮಾಡಿದ ಚೆಲುವರಾಜುವನ್ನು ಹೊಗಳಿ ಬರೆದದ್ದು. ವರ್ಕ್‌ಶಾಪಿಗೆ ಹೋಗುವವರೆಲ್ಲ ಅದರ ಕೆಳಗೇ ದಾಟಬೇಕು.

"ಇದಕ್ಕೆ ಚೌಕಟ್ಟು ಹಾಕಿಸಿದ್ದು ಯಾರು?"

"ನಾನೇ. ಹುಡುಗರಿಗೆ ಹುರುಪು ಬರಲಿ ಅಂತ."

"ನಂಜುಂಡಸ್ವಾಮಿಯವರು ನೋಡಿ ಏನಂದ್ರು?"

"ಏನೂ ಅನ್ನಲಿಲ್ಲ. ಸ್ವಂತ ಬಾಮೈದ ಅಲ್ವೇ? ಹಳ್ಳಿಯಿಂದ ಕರಕೊಂಡು ಬಂದು, ಮನೆಯಲ್ಲೇ ಇಟ್ಟುಕೊಂಡು, ಸ್ಪ್ಯಾನರ್ ಹಿಡಿಯೋದು ಕಲಿಸಿದವನೇ ಅವನು. ಖುಷಿಯೇ ಆಗಿರಬೇಕು."

ಮಹದೇವಯ್ಯ ಕಾರ್ಡನ್ನು ಪಕ್ಕಕ್ಕಿಟ್ಟರು. ರೈಲ್ವೆ ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ವರ್ಷ ಕಬ್ಬಿಣದ ಜೊತೆ ಕಳೆದು, ನಿವೃತ್ತರಾದ ಮೇಲೆ ಈ ಪತ್ತೆಯ ಕೆಲಸ ಹಿಡಿದವರು ಅವರು. ಗಡಿಯಾರ ರಿಪೇರಿಯವರ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಮುರಿದ ಬೋಲ್ಟಿನ ಗೆರೆಯನ್ನು ಇನ್ನೊಮ್ಮೆ ನೋಡಿದರು.

ಮೂರು ಮೂಲೆಯ ಸಾಮಾನ್ಯ ಅರದಲ್ಲಿ ಗೀರಿದ್ದರೆ ಗೆರೆಯ ತಳ ಚೂಪಾಗಿರಬೇಕಿತ್ತು. ಇದರ ತಳ ಚಪ್ಪಟೆ. ತೀರಾ ತೆಳುವಾದ, ಅಂಚಿನಲ್ಲೂ ಹಲ್ಲಿರುವ ಅರ. ಬೀಗದ ಕೈ ಕೊರೆಯುವವರು ಇಟ್ಟುಕೊಳ್ಳುವಂಥದ್ದು. ಟ್ರ್ಯಾಕ್ಟರ್ ರಿಪೇರಿಯ ಜಾಗದಲ್ಲಿ ಅದಕ್ಕೇನು ಕೆಲಸ?

"ನಂಜುಂಡಸ್ವಾಮಿಯವರ ತಂದೆ ಏನು ಮಾಡ್ತಿದ್ರು, ಯಜಮಾನ್ರೇ?"

"ಅವರಪ್ಪನೇ? ಮಾರ್ಕೆಟ್ ಹತ್ತಿರ ಬೀಗ ರಿಪೇರಿ ಮಾಡ್ತಿದ್ದರು. ಯಾಕೆ?"

"ಸುಮ್ಮನೆ ಕೇಳಿದೆ."

ಮುರಿದದ್ದು ಒಟ್ಟು ನಾಲ್ಕು ಬೋಲ್ಟು. ಅವುಗಳಲ್ಲಿ ಗೆರೆಯ ಆಳ ಒಂದೇ ಸಮನಾಗಿದ್ದ ಎರಡನ್ನು ಮೇಜಿನ ಮೇಲಿದ್ದ ತಟ್ಟೆಯಲ್ಲಿಟ್ಟರು. ಉಳಿದೆರಡನ್ನು ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿದರು. ತಟ್ಟೆ ಹಿಡಿದು ವರ್ಕ್‌ಶಾಪಿನ ಕಡೆ ನಡೆದರು.

*

ಮಧ್ಯಾಹ್ನದ ಊಟದ ಹೊತ್ತು. ಉಳಿದವರೆಲ್ಲ ಹೊಂಗೆ ಮರದ ಕೆಳಗೆ ಕೂತಿದ್ದರು. ನಂಜುಂಡಸ್ವಾಮಿ ಮಾತ್ರ ತನ್ನ ಬೆಂಚಿನ ಬಳಿ ಒಬ್ಬನೇ ಇದ್ದ. ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಬುತ್ತಿ ಡಬ್ಬಿ ಎದುರಿಗಿತ್ತು, ಮುಚ್ಚಳ ತೆರೆದಿರಲಿಲ್ಲ.

"ಊಟ ಆಗ್ಲಿಲ್ವಾ?"

"ಸೇರ್ತಾ ಇಲ್ಲ ಬುಡಿ ಸ್ವಾಮಿ."

"ಮನೇಲಿ ಕೋಪವೋ?"

"ಡಬ್ಬಿ ಕಟ್ಕೊಡ್ತಾಳೆ. ಮಾತಿಲ್ಲ. ನನ್ನ ತಮ್ಮನ್ನ ಕೆಲಸದಿಂದ ನಿಲ್ಲಿಸಿದಾಗ ನೀವ್ಯಾಕೆ ಬಾಯಿ ಬಿಡ್ಲಿಲ್ಲ ಅಂತ."

ಮಹದೇವಯ್ಯ ಮರದ ಪೆಟ್ಟಿಗೆಯೊಂದನ್ನು ಎಳೆದುಕೊಂಡು ಕೂತರು.

"ಒಂದು ಅರ ಬೇಕಿತ್ತು. ತೆಳುವಾದ್ದು. ಬೀಗದ ಕೈ ಕೊರೀತಾರಲ್ಲ, ಅಂಥದ್ದು."

ನಂಜುಂಡಸ್ವಾಮಿ ಅವರ ಮುಖ ನೋಡಿದ. ಆಮೇಲೆ ಸೊಂಟದ ದಾರದಿಂದ ಚಾವಿ ಬಿಚ್ಚಿ ಕಾಲ ಬಳಿಯ ತಗಡಿನ ಪೆಟ್ಟಿಗೆ ತೆರೆದ. ಎಣ್ಣೆ ಬಟ್ಟೆಯೊಳಗಿಂದ ಒಂದು ಅರ ತೆಗೆದುಕೊಟ್ಟ. ಹಿಡಿಯ ಮರ ಕೈ ಬೆವರಿಗೆ ಕಪ್ಪಾಗಿತ್ತು.

"ನಮ್ಮಪ್ಪನ್ದು. ಈ ಶೆಡ್ಡಿನಲ್ಲಿ ಇಂಥದ್ದು ಇನ್ನೊಂದಿಲ್ಲ."

"ಗೊತ್ತು."

ಮಹದೇವಯ್ಯ ತಟ್ಟೆಯಿಂದ ಒಂದು ಬೋಲ್ಟು ತೆಗೆದು ಬೆಂಚಿಗೆ ಕಚ್ಚಿಸಿದ ವೈಸಿನ ಬಾಯಿಗೆ ಕೊಟ್ಟು ಬಿಗಿದರು. ಅರದ ಅಂಚನ್ನು ಮೊದಲ ಗೆರೆಯಲ್ಲಿಟ್ಟರು. ಸರಿಯಾಗಿ ಕೂತಿತು, ಕೂದಲಷ್ಟೂ ಅಲುಗಲಿಲ್ಲ. ಎರಡನೆಯ ಗೆರೆಯಲ್ಲೂ ಹಾಗೇ. ಮೂರನೆಯದನ್ನು ನೋಡುವ ಅಗತ್ಯವಿರಲಿಲ್ಲ.

ಹೊರಗೆ ಯಾರೋ ನಕ್ಕರು.

"ನಂಗೂ ಒಬ್ಬ ಶಿಷ್ಯ ಇದ್ದ, ನಂಜುಂಡಸ್ವಾಮಿಯವರೇ," ಎಂದರು ಮಹದೇವಯ್ಯ. "ಲೇತ್ ಮೇಲೆ ಅವನ ಕೈ ಹಿಡಿದು ಕಲಿಸಿದವನು ನಾನು. ನನ್ನನ್ನ ಬಿಟ್ಟು ಅವನನ್ನ ಫೋರ್‌ಮನ್ ಮಾಡಿದ್ರು. ಹಾರ ಹಾಕಿದ ದಿನ ನಾನು ಹಿಂದಿನ ಸಾಲಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಅವನ ಯಂತ್ರದ ಬೆಲ್ಟು ಅಂಚಲ್ಲಿ ಹರೀತಾ ಇತ್ತು. ನನಗೆ ಕಾಣಿಸಿತ್ತು. ಮೂರು ದಿನ ಹೇಳ್ಲಿಲ್ಲ."

"ಹರಿದೋಯ್ತಾ?"

"ಇಲ್ಲ. ನಾಲ್ಕನೇ ದಿನ ಅವನೇ ನೋಡಿ ಬದಲಾಯಿಸಿದ. ಅದು ನನ್ನ ಒಳ್ಳೇತನ ಅಲ್ಲ, ನನ್ನ ಅದೃಷ್ಟ. ಅವನನ್ನ ಎಲ್ಲಿ ಕಂಡ್ರೂ ಇವತ್ತಿಗೂ ಆ ಮೂರು ದಿನ ನೆನಪಿಗೆ ಬರ್ತವೆ."

ನಂಜುಂಡಸ್ವಾಮಿ ಕೆಳಗೆ ನೋಡುತ್ತಾ ಡಬ್ಬಿಯ ಮುಚ್ಚಳವನ್ನು ಅರ್ಧ ತಿರುಗಿಸಿ ಮತ್ತೆ ಮುಚ್ಚಿದ.

"ಜನವರೀಲಿ ನಾನು ಡ್ರೈವರ್ ತಪ್ಪು ಅಂತ ಬರೆದೆ," ಎಂದ. ದನಿ ತಗ್ಗಿತ್ತು. "ಹನ್ನೆರಡು ವರ್ಷದಲ್ಲಿ ನನ್ನ ಮಾತಿಗೆ ಯಾರೂ ಎದುರು ಬರೆದಿರ್ಲಿಲ್ಲ. ಇವನು ಒಂದು ಮೊಳೆ, ಒಂದು ದಾರ ತಗೊಂಡು ತೂತು ಅಳೆದ. ಭಾವ, ಇದು ಓರೆ ಅದೆ ನೋಡು ಅಂದ. ಎಲ್ಲರ ಮುಂದೆ. ನಾನು ನೋಡಿದೆ. ಓರೆ ಇತ್ತು."

"ಅಂದ್ರೆ ಅವನು ಹೇಳಿದ್ದು ಸರಿ."

"ಸರಿ ಇದ್ದದ್ದಕ್ಕೇ ಅಲ್ವಾ ಸ್ವಾಮಿ ಉರಿದದ್ದು? ತಪ್ಪಾಗಿದ್ರೆ ಎರಡೇಟು ಹಾಕಿ ಮರೆತ್ಬುಡ್ತಿದ್ದೆ." ಅವನು ಕಚೇರಿಯ ಕಡೆ ಗಲ್ಲ ಎತ್ತಿದ. "ಆಮೇಲೆ ಆ ಕಾಗದ ಬಂತು. ಇಂಗ್ಲಿಷ್ ನಂಗೆ ಬರಲ್ಲ. ಅವನೇ ಓದಿ ಹೇಳ್ದ. ಮನೆಗೆ ಹೋದ್ರೆ ಅಲ್ಲೂ ಅದೇ. ನಮ್ಮವಳು ಕರೆಯೋದೇ ಮದರಾಸಿಗೆ ಹೋಗ್ಬಂದವನು ಅಂತ. ಮೀನು ತಂದ್ರೆ ದೊಡ್ಡ ತುಂಡು ಅವನ ತಟ್ಟೆಗೆ. ನಂಗೆ ವಯಸ್ಸಾಯ್ತು, ಮೀನಿನ ತುಂಡಿಗೆ ಹೊಟ್ಟೆಕಿಚ್ಚು ಪಡೋದಾ ಅಂತ ನಾಚಿಕೆ ಆಗೋದು. ನಾಚಿಕೆ ಆದ್ರೂ ಕಣ್ಣು ಆ ತಟ್ಟೆ ಕಡೆಗೇ ಹೋಗೋದು."

"ಬೋಲ್ಟು ಯಾವಾಗ ಬದಲಾಯಿಸಿದ್ರಿ?"

"ಅವನು ಹೊಸ ಬ್ರಾಕೆಟ್ಟು ಹಾಕಿದ ಶನಿವಾರ. ಊಟಕ್ಕೆ ಹೋಗಿದ್ದ. ಟ್ರ್ಯಾಕ್ಟರು ಇಲ್ಲೇ ನಿಂತಿತ್ತು. ಎರಡು ಬಿಚ್ಚಿದೆ, ಎರಡು ಹಾಕಿದೆ. ಕೈ ನಡುಗ್ಲಿಲ್ಲ ಸ್ವಾಮಿ. ಅದೇ ನಂಗೆ ಈಗ ಭಯ."

"ಆಳು ಸಾಯ್ಲಿ ಅಂತ?"

"ಇಲ್ಲ." ಅವನು ಮೊದಲ ಸಲ ನೇರವಾಗಿ ನೋಡಿದ. "ಲೆಕ್ಕ ಹಾಕೇ ಮಾಡಿದ್ದು. ಆ ಕಡೆ ಇರೋದು ನಾಲ್ಕು ಬೋಲ್ಟು. ಎರಡು ಮೆತ್ತಗಾದ್ರೆ ಉಳಿದೆರಡು ಹಿಡ್ಕೊಂತವೆ. ಹತ್ತು ಹದಿನೈದು ದಿನಕ್ಕೆ ಬಕೆಟ್ಟು ಒಂದು ಕಡೆ ವಾಲ್ತದೆ. ಕೃಷ್ಣಪ್ಪೋರು ಬಂದು ಕೂಗಾಡ್ತಾರೆ. ಕಾಗದ ಗೋಡೆಯಿಂದ ಇಳೀತದೆ. ಅಷ್ಟೇ ನಂಗೆ ಬೇಕಾಗಿದ್ದು. ವಾಲ್ತದೆ ಸ್ವಾಮಿ, ಬೀಳಲ್ಲ. ಎಂಗೆ ಬಿತ್ತು ಅಂತ ನಾಲ್ಕು ದಿನದಿಂದ ಯೋಚನೆ ಮಾಡ್ತಾನೇ ಇದ್ದೀನಿ."

"ಆಮೇಲೆ ಸರಿ ಮಾಡೋಣ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಮೊನ್ನೆ ಭಾನುವಾರ ಬೆಟ್ಟ ಹತ್ತಿದೆ. ಸಾವಿರ ಮೆಟ್ಟಿಲೂ ಹತ್ತಿ ತಾಯಿ ಮುಂದೆ ನಿಂತಾಗ ಕೈ ಮುಗಿಯೋಕೆ ಆಗ್ಲಿಲ್ಲ. ಬುಧವಾರ ರಜ ಹಾಕಿ ಯಾದವಗಿರಿಗೆ ಹೋಗಿ ಬದಲಾಯಿಸಿ ಬರೋದು ಅಂತ ಅಲ್ಲೇ ಹೇಳ್ಕೊಂಡೆ. ಮಂಗಳವಾರವೇ ಬಿದ್ದೋಯ್ತು."

ಅವನು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ತಟ್ಟೆಯಲ್ಲಿದ್ದ ಒಂದು, ವೈಸಿನಲ್ಲಿದ್ದ ಒಂದು.

"ಇವೆರಡು ನಂದು. ಬರ್ಕೊಳ್ಳಿ. ಚೆಲುವರಾಜು ತಪ್ಪಿಲ್ಲ ಅಂತ ಯಜಮಾನ್ರಿಗೆ ನಾನೇ ಹೇಳ್ತೀನಿ. ನಡೀರಿ."

"ಸ್ವಲ್ಪ ತಾಳಿ."

ಮಹದೇವಯ್ಯ ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದು ಬೆಂಚಿನ ಮೇಲೆ ಬಿಚ್ಚಿದರು. ಇನ್ನೆರಡು ತುಂಡು ಬೋಲ್ಟುಗಳು. ತಲೆಯ ಮೇಲೆ ಮೂರು ಮೂರು ಗೆರೆ. ಅವೂ ತಗ್ಗಾದ ಗೆರೆಗಳೇ.

"ಮುರಿದದ್ದು ನಾಲ್ಕೂ ಬಜಾರಿನವೇ, ನಂಜುಂಡಸ್ವಾಮಿಯವರೇ. ಹಿಡಿದುಕೊಳ್ಳೋಕೆ ಅಲ್ಲಿ ಗಟ್ಟಿ ಬೋಲ್ಟು ಒಂದೂ ಇರ್ಲಿಲ್ಲ. ಇವನ್ನೂ ಗೀರಿದ್ದು ಇದೇ ಅರ. ಬೆಳಿಗ್ಗೆ ಅಗಲ ಅಳೆದೆ, ನಾಲ್ಕಕ್ಕೂ ಒಂದೇ."

ನಂಜುಂಡಸ್ವಾಮಿ ಒಂದು ಬೋಲ್ಟನ್ನು ಎತ್ತಿ ಬೆಳಕಿಗೆ ಹಿಡಿದ. ತಿರುಗಿಸಿದ. ಇನ್ನೊಂದನ್ನೂ ಎತ್ತಿದ. ಹೆಬ್ಬೆರಳ ಉಗುರನ್ನು ಗೆರೆಯ ಉದ್ದಕ್ಕೂ ಎಳೆದ. ನಡುವಿನಲ್ಲಿ ಮೇಲುಮೇಲೆ, ತುದಿಯಲ್ಲಿ ಆಳ. ಅರ ತಳ್ಳುವಾಗ ಕೊನೆಗೆ ಕೈ ಭಾರ ಹಾಕುವವನ ಗೆರೆ ಅದು.

ಅವನ ಮುಖದ ಬಣ್ಣ ಇಳಿಯುವುದನ್ನು ಮಹದೇವಯ್ಯ ನೋಡುತ್ತಲೇ ಇದ್ದರು. ಮೂರು ವರ್ಷ ಇದೇ ಬೆಂಚಿನಲ್ಲಿ, ಕೊನೆಗೆ ಭಾರ ಹಾಕಬೇಡ ಕಣೋ ಎಂದು ಒಬ್ಬನ ಮೊಣಕೈಗೆ ತಟ್ಟಿ ತಟ್ಟಿ ಹೇಳಿದವನು ಆ ಗೆರೆಯನ್ನು ಗುರುತಿಸದೆ ಇರುವುದು ಸಾಧ್ಯವಿರಲಿಲ್ಲ.

"ಯಾರ ಕೈ?" ಎಂದು ಕೇಳಿದರು.

"ನಂದೇ," ಎಂದ ನಂಜುಂಡಸ್ವಾಮಿ.

"ಈಗ ತಾನೇ ಎರಡು ಅಂದ್ರಿ."

"ಮರೆತಿದ್ದೆ. ನಾಲ್ಕು ಮಾಡಿದೆ."

"ವಾಲ್ತದೆ, ಬೀಳಲ್ಲ ಅಂತ ಲೆಕ್ಕ ಹಾಕಿದವರು ನೀವು. ನಾಲ್ಕೂ ಬದಲಾಯಿಸಿದ್ರೆ ಒಂದು ದಿನವೂ ನಿಲ್ಲಲ್ಲ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಶನಿವಾರ ನಾಲ್ಕೂ ಹಾಕಿದ್ರೆ ಆ ಲೋಡರು ಒಂಬತ್ತು ದಿನ ಮಣ್ಣು ಎತ್ತಿದ್ದು ಹೇಗೆ?"

ನಂಜುಂಡಸ್ವಾಮಿ ಬೋಲ್ಟುಗಳನ್ನು ಕರವಸ್ತ್ರದ ಮೇಲೆ ವಾಪಸಿಟ್ಟ.

"ಈ ಪೆಟ್ಟಿಗೆಗೆ ಇನ್ನೊಂದು ಚಾವಿ ಇದೆಯಾ?"

ನಂಜುಂಡಸ್ವಾಮಿ ಪೆಟ್ಟಿಗೆಗೆ ಬೀಗ ಹಾಕಿದ. ಎರಡು ಸಲ ಎಳೆದು ನೋಡಿದ.

"ಮನೇಲದೆ," ಎಂದ.

*

ನಜರ್‌ಬಾದಿನ ಆ ಮನೆ ವರ್ಕ್‌ಶಾಪಿನಿಂದ ನಡೆದು ಹೋಗುವಷ್ಟೇ ದೂರ. ವಸಂತಮ್ಮ ಜಗಲಿಯ ಮೇಲೆ ಕೂತು ಮೊರದಲ್ಲಿ ಅವರೆಬೇಳೆ ಹಸನು ಮಾಡುತ್ತಿದ್ದಳು. ಗಂಡನ ಹಿಂದೆ ಅಪರಿಚಿತರನ್ನು ಕಂಡು ಎದ್ದು ಸೆರಗು ಸರಿ ಮಾಡಿಕೊಂಡಳು. ಗಂಡನ ಕಡೆ ನೋಡಲಿಲ್ಲ.

"ತಾಯಿ, ಒಂದೇ ಮಾತು ಕೇಳ್ತೀನಿ," ಎಂದರು ಮಹದೇವಯ್ಯ. "ಇವರ ಸಾಮಾನಿನ ಪೆಟ್ಟಿಗೆ ಚಾವಿ ನಿಮ್ಮ ಹತ್ರ ಒಂದಿದೆ. ಅದನ್ನ ಯಾರಿಗಾದ್ರೂ ಕೊಟ್ಟಿದ್ರಾ?"

"ಯಾರಿಗೆ ಕೊಡ್ಲಿ? ನಮ್ಮ ಚೆಲುವಂಗೆ ಕೊಟ್ಟೆ, ಭಾನುವಾರ. ಇವ್ರು ಬೆಟ್ಟಕ್ಕೆ ಹೋಗಿದ್ರು. ಟ್ರಂಕಿನ ಬೀಗ ಕೆಟ್ಟೋಗಿದೆ ಅಕ್ಕ, ಭಾವನ ಅರ ಬೇಕು ಅಂದ. ಹಿತ್ತಲಲ್ಲಿ ಕೂತ್ಕೊಂಡು ಸಂಜೆವರೆಗೂ ಉಜ್ತಾ ಇದ್ದ."

ನಂಜುಂಡಸ್ವಾಮಿ ಜಗಲಿಯ ಕಂಬ ಹಿಡಿದುಕೊಂಡ.

ಮಹದೇವಯ್ಯನವರಿಗೆ ಸೋಮವಾರದ ದೃಶ್ಯ ಈಗ ಕಾಣತೊಡಗಿತು. ಬೋಲ್ಟು ಬಿಗಿ ಮಾಡುವುದೆಂದರೆ ಒಂದೊಂದರ ತಲೆಯನ್ನೂ ಮುಟ್ಟಿ ನೋಡಲೇಬೇಕು. ಆದರೆ ಚೆಲುವರಾಜು ಭಾನುವಾರವೇ, ಅದೂ ಎರಡಕ್ಕೇ, ಗೆರೆ ಗೀರಿದ್ದ. ಅಂದರೆ ಎರಡು ಬೋಲ್ಟು ಬದಲಾಗಿರುವುದು ಅವನಿಗೆ ಮೊದಲೇ, ಬ್ರಾಕೆಟ್ಟು ಹಾಕಿದ ಶನಿವಾರ ಊಟದಿಂದ ಬಂದು ಮುಟ್ಟಿ ನೋಡಿದಾಗಲೇ, ತಿಳಿದಿರಬೇಕು. ಭಾವನ ಮೋಸವನ್ನು ಬಯಲು ಮಾಡಲಿಲ್ಲ, ಸರಿಪಡಿಸಲೂ ಇಲ್ಲ. ಸೋಮವಾರ ಬಿಗಿ ಮಾಡುವ ನೆಪದಲ್ಲಿ, ಅದರ ಮರೆಯಲ್ಲಿ ತನ್ನ ಎರಡನ್ನು ಸೇರಿಸಿದ್ದ. ಮುಂದೆ ಪತ್ತೆಯಾದರೂ ಸಿಗುವುದು ಭಾವನ ಅರ, ಭಾವನ ಪೆಟ್ಟಿಗೆ. ಇಷ್ಟು ಮಾಡಲು ಕೆಲಸದ ಮೇಲಿನ ಮತ್ಸರ ಸಾಲದು. ತನ್ನ ಹೆಸರಿಗೂ ಮಸಿ ಬಳಿದುಕೊಳ್ಳುವಷ್ಟು ಏನಾಗಿತ್ತು ಅವನಿಗೆ?

"ಭಾನುವಾರ ಇನ್ನೇನಾದ್ರೂ ನಡೀತಾ ತಾಯಿ? ಅವನ ಮನಸ್ಸಿಗೆ ನೋವಾಗೋ ಅಂಥದ್ದು?"

ವಸಂತಮ್ಮ ಮೊದಲ ಸಲ ಗಂಡನ ಮುಖ ನೋಡಿದಳು. ನಾಲ್ಕು ದಿನ ನುಂಗಿಕೊಂಡಿದ್ದು ಹೊರಬಂತು.

"ಇವ್ರನ್ನೇ ಕೇಳಿ. ಹಿಂದಿನ ಬೀದಿ ಮರಿಯಯ್ಯೋರ ಮಗಳು ಚಾಮುಂಡೇಶ್ವರಿನ ತರೋಣ ಅಂತ ನನ್ನ ತಮ್ಮ ಬಾಯಿ ಬಿಟ್ಟು ಕೇಳ್ದ. ಗಂಡು ಕಡೆಯಿಂದ ಹೋಗಿ ಮಾತಾಡೋಕೆ ಹಿರಿಯರು ಇವ್ರು ಬಿಟ್ರೆ ಯಾರಿದ್ದಾರೆ? ಮೂರ್ಸಲ ಹೇಳ್ದೆ. ಹೋಗ್ತೀನಿ, ಹೋಗ್ತೀನಿ ಅಂತ ಎರಡು ತಿಂಗಳು ತಳ್ಳಿದ್ರು. ಭಾನುವಾರ ಬೆಳಿಗ್ಗೆ ಅಲ್ಲಿ ವೀಳ್ಯ ಬದಲಾಯಿಸ್ಕೊಂಡ್ರು. ಗಂಡು ಯಾರು ಗೊತ್ತಾ? ಆ ಟ್ರ್ಯಾಕ್ಟರ್ ಓಡಿಸ್ತಾನಲ್ಲ, ಕಾಳಯ್ಯ."

ಬೀದಿಯಲ್ಲಿ ಜಟಕಾ ಒಂದು ದಾಟಿ ಹೋಯಿತು.

ಕಾಳಯ್ಯ ದಿನಾ ಬೆಳಿಗ್ಗೆ ಬಕೆಟ್ಟನ್ನು ಮೇಲೆತ್ತಿ ನಿಲ್ಲಿಸಿ, ಅದರ ಕೆಳಗೆ ಕೂತು ಗ್ರೀಸು ಹಚ್ಚುತ್ತಿದ್ದ. ಅದು ಯಾದವಗಿರಿಯ ಕೂಲಿಯವರೆಲ್ಲ ಹೇಳಿದ ಮಾತು. ಬಿಗಿ ಮಾಡಲು ಹೋದವನು ಅದನ್ನು ನೋಡದೆ ಇರುತ್ತಾನೆಯೇ?

"ಯಾಕೆ ಹೋಗಿ ಕೇಳಲಿಲ್ಲ, ನಂಜುಂಡಸ್ವಾಮಿಯವರೇ?"

"ಆ ಕಾಗದ ಬಂದಿದ್ದೂ ಅವನು ಹೆಣ್ಣು ಕೇಳಿದ ವಾರವೇ," ಎಂದ ಅವನು. "ಎಲ್ಲಾ ಅವನಿಗೇ ಸಿಕ್ಕಬೇಕಾ ಅನ್ನಿಸ್ತು." ಜಗಲಿಯ ಮೇಲೆ ಕೂತ. ತಲೆ ಎತ್ತಿದಾಗ ದನಿ ಗಟ್ಟಿಯಾಗಿತ್ತು. "ಸ್ವಾಮಿ, ನಾಲ್ಕೂ ನಂದೇ ಅಂತ ಬರೀರಿ. ಅರ ನಂದು, ಪೆಟ್ಟಿಗೆ ನಂದು, ಉರಿ ನಂದು. ನಾನು ಒಪ್ಕೊಂಡ್ರೆ ಯಾರು ಕೇಳ್ತಾರೆ? ಹುಡುಗ ಇನ್ನೂ ಬಾಳಬೇಕಾದವನು."

ವಸಂತಮ್ಮನ ಕೈಯಿಂದ ಮೊರ ಜಾರಿ ಬೇಳೆಯೆಲ್ಲ ಜಗಲಿಯ ತುಂಬ ಚೆಲ್ಲಿತು. "ಏನು ನಾಲ್ಕು? ಏನ್ ಮಾತಾಡ್ತಾ ಇದ್ದೀರಿ ನೀವು?"

ಗಂಡ ಅವಳ ಮುಖ ನೋಡಲಾರದೆ ಬೀದಿಯ ಕಡೆ ತಿರುಗಿದ. ಮಹದೇವಯ್ಯ ಪೆನ್ಸಿಲು ಹೊರತೆಗೆಯಲಿಲ್ಲ.

"ಚೆಲುವರಾಜು ಎಲ್ಲಿ, ತಾಯಿ?"

"ಆಸ್ಪತ್ರೆಗೆ ಹೋದ. ಕಾಳಯ್ಯಂಗೆ ಜ್ಞಾನ ಬಂದು ಎರಡು ಮಾತಾಡ್ದ ಅಂತ ಮರಿಯಯ್ಯೋರ ಮನೇಲಿ ಹೇಳ್ತಿದ್ರು. ಕೇಳಿದ ತಕ್ಷಣ ಎದ್ದ. ಗಂಜಿ ತಗೊಂಡು ಹೋಗ್ತೀನಿ, ಪಾಪ, ಯಾರೂ ಇಲ್ಲ ಅವನಿಗೆ ಅಂದ."

"ಎಷ್ಟು ಹೊತ್ತಾಯ್ತು?"

"ಅರ್ಧ ಗಂಟೆ ಆಗಿರ್ಬೇಕು."

ಸೋಮವಾರ ಚೆಲುವರಾಜು ಬೋಲ್ಟು ಬದಲಾಯಿಸಿದ್ದನ್ನು ಕಣ್ಣಾರೆ ಕಂಡಿರಬಹುದಾದವನು ಕಾಳಯ್ಯ ಒಬ್ಬನೇ. ಮಹದೇವಯ್ಯ ಆಗಲೇ ಮೆಟ್ಟಿಲಿಳಿದಿದ್ದರು. ಹಿಂದೆ ತಿರುಗದೆಯೇ ಕೇಳಿದರು.

"ಗಂಜಿ ನೀವು ಕಾಯಿಸಿ ಕೊಟ್ಟದ್ದು ತಾನೇ?"

ವಸಂತಮ್ಮ ಚೆಲ್ಲಿದ ಬೇಳೆಯ ನಡುವೆ ನಿಂತಿದ್ದಳು.

"ಇಲ್ಲ," ಎಂದಳು. "ನನ್ನ ಒಲೆ ಹತ್ರ ಬರೋಕೇ ಬಿಡ್ಲಿಲ್ಲ. ಅವನೇ ಕಾಯಿಸ್ಕೊಂಡ."